ಡಿಲೋರಿಯನ್ನಿನ ಹಿಂಚಕ್ರಗಳು ಎತ್ತ ನೋಡುತ್ತಿದ್ದವು?

ವೀಲ್ ಅಲೈನ್‌ಮೆಂಟ್ ಎಂದರೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಅರ್ಧ ಗಂಟೆಯ ಕೆಲಸ. ಕಾರನ್ನು ಯಂತ್ರದ ಮೇಲೆ ಹತ್ತಿಸುತ್ತಾರೆ, ನಾಲ್ಕು ಚಕ್ರಗಳಿಗೂ ಫಲಕ ಸಿಕ್ಕಿಸುತ್ತಾರೆ, ಪರದೆಯಲ್ಲಿ ಕೆಂಪಾಗಿದ್ದ ಅಂಕಿಗಳು ಹಸಿರಾಗುವ ತನಕ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತಿರುಗಿಸಿ ಒಂದು ಕಾಗದ ಮುದ್ರಿಸಿ ಕೊಡುತ್ತಾರೆ. ಲಕ್ಷಗಟ್ಟಲೆ ತಯಾರಾದ, ನಾಲ್ಕೈದು ವರ್ಷ ಓಡಿದ ಕಾರಿಗೆ ಈ ವಿಧಾನ ಸಾಕು. ಏಕೆಂದರೆ ಆ ಕಾರಿನ ಸ್ಪ್ರಿಂಗು, ಕೀಲುಗಳಲ್ಲಿ ಕೂರುವ ರಬ್ಬರಿನ ಬುಶ್ಶು, ಟೈರುಗಳೆಲ್ಲ ಕಾರ್ಖಾನೆ ಉದ್ದೇಶಿಸಿದಂತೆಯೇ ಇವೆ ಎಂಬ ನಂಬಿಕೆಯ ಮೇಲೆ ಯಂತ್ರ ಕೆಲಸ ಮಾಡುತ್ತದೆ. ನಾಲ್ಕು ದಶಕ ಹಳೆಯ, ಮೂರು ನಾಲ್ಕು ಮಾಲೀಕರ ಕೈ ದಾಟಿ ಬಂದ ಅಪರೂಪದ ಸ್ಪೋರ್ಟ್ಸ್ ಕಾರಿನಲ್ಲಿ ಆ ನಂಬಿಕೆಗೆ ಆಧಾರವೇ ಇರುವುದಿಲ್ಲ. ಅಂಥ ಒಂದು ಕಾರನ್ನು ನಾನು ಮತ್ತು ನನ್ನ ಸ್ನೇಹಿತರು ಸೇರಿ ಅಮೆರಿಕದ ಮಿಷಿಗನ್ನಿನ ಒಂದು ಮನೆಯ ಗರಾಜಿನಲ್ಲಿ ಮೂರು ತಿಂಗಳು ವಾರಾಂತ್ಯಗಳಲ್ಲಿ ದುಡಿದು ಹೇಗೆ ಸರಿಪಡಿಸಿದೆವು ಎಂಬುದನ್ನು ಇಂದು ಹೇಳುತ್ತೇನೆ.

ಕಾರು ಡಿಲೋರಿಯನ್. ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ, ಬಣ್ಣವಿಲ್ಲದ ಸ್ಟೇನ್‌ಲೆಸ್ ಉಕ್ಕಿನ ಮೈಯ ಆ ಕಾರನ್ನು ನಿಮ್ಮಲ್ಲಿ ಹಲವರು ಒಂದು ಹಾಲಿವುಡ್ ಸಿನಿಮಾದಲ್ಲಿ ನೋಡಿಯೇ ಇರುತ್ತೀರಿ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಪಕ್ಕದ ಡನ್‌ಮರಿಯಲ್ಲಿ 1981 ಮತ್ತು 1982ರಲ್ಲಿ ಮಾತ್ರ ತಯಾರಾದ ಇದರ ಒಟ್ಟು ಸಂಖ್ಯೆ ಸುಮಾರು 9,000. ಕಂಪನಿ ಕಟ್ಟಿದ ಜಾನ್ ಡಿಲೋರಿಯನ್ ಹುಟ್ಟಿದ್ದು ನಾವು ಕೆಲಸ ಮಾಡುತ್ತಿದ್ದ ಗರಾಜಿಗೆ ಒಂದು ಗಂಟೆಯ ದಾರಿಯಲ್ಲಿರುವ ಡೆಟ್ರಾಯ್ಟಿನಲ್ಲಿ. ಹೊರಗಿನ ರೂಪ ಇಟಲಿಯ ಜಾರ್ಜೆಟ್ಟೊ ಜುಜಾರೊ ಅವರದು. ಮೊದಲಿಗೆ ಕಾರಿನ ತಾಂತ್ರಿಕ ರೂಪ ಕೊಟ್ಟವರು ಎಂಜಿನಿಯರ್ ಬಿಲ್ ಕಾಲಿನ್ಸ್. ಅದನ್ನು ತಯಾರಿಕೆಗೆ ಒಗ್ಗುವಂತೆ ಸುಮಾರು ಎರಡು ವರ್ಷಗಳಲ್ಲಿ ಮತ್ತೆ ವಿನ್ಯಾಸಗೊಳಿಸಿದ್ದು ಕಾಲಿನ್ ಚಾಪ್‌ಮನ್ ಅವರ ಲೋಟಸ್ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಸಂಸ್ಥೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಈ ಕೊನೆಯ ಸಂಗತಿ. ಸ್ಟೇನ್‌ಲೆಸ್ ಮೈಯ ಒಳಗೆ ಇರುವುದು ಲೋಟಸ್ಸಿನ ಎಲುಬು. ಬೆನ್ನೆಲುಬಿನಂತೆ ನಡುವೆ ಹಾದು ಹೋಗಿ ಮುಂದೆ ಹಿಂದೆ ಎರಡೂ ಕಡೆ ಕವಲೊಡೆಯುವ ಉಕ್ಕಿನ ಷಾಸಿ, ಅದರ ಮೇಲೆ ಫೈಬರ್‌ಗ್ಲಾಸ್ ಒಡಲು, ಅದಕ್ಕೆ ಅಂಟಿಸಿದಂತಿರುವ ಸ್ಟೇನ್‌ಲೆಸ್ ಹಾಳೆಗಳು. ತುಕ್ಕು ಹಿಡಿಯದ ಕಾರು ಎಂದು ಹೆಸರಾದ ಇದರ ಷಾಸಿ ಮಾತ್ರ ಎಪಾಕ್ಸಿ ಲೇಪದ ಸಾಧಾರಣ ಉಕ್ಕು. ಲೇಪ ಎಲ್ಲಾದರೂ ಬಿರುಕು ಬಿಟ್ಟರೆ ನೀರು ಒಳಗೆ ನುಗ್ಗಿ, ಹೊರಗೆ ಕಾಣದಂತೆ ತುಕ್ಕು ಹಬ್ಬುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್ನಿನಂಥ ಊರಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ.

ಕಾರಿನ ತೊಂದರೆ ಹೀಗಿತ್ತು. ನೇರ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟಿದ ಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರಿನ ಹಿಂಭಾಗ ಒಂದು ಕಡೆಗೆ ಸರಿದಂತಾಗುತ್ತಿತ್ತು, ಮತ್ತೆ ಒತ್ತಿದರೆ ಇನ್ನೊಂದು ಕಡೆಗೆ. ಸ್ಟೀರಿಂಗ್ ಚಕ್ರವನ್ನು ಸದಾ ಸ್ವಲ್ಪ ಎಡಕ್ಕೆ ತಿರುಗಿಸಿ ಹಿಡಿದಿರಬೇಕಿತ್ತು. ರಸ್ತೆಯಲ್ಲಿ ಸಣ್ಣ ಗುಂಡಿ ಬಂದರೂ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತಿತ್ತು. ನನ್ನ ಸ್ನೇಹಿತರು ಇದನ್ನು ಕೊಂಡ ಮೇಲೆ ಒಂದು ಅಲೈನ್‌ಮೆಂಟ್ ಅಂಗಡಿಗೆ ಒಯ್ದಿದ್ದರು. ಅಲ್ಲಿ ಮುಂದಿನ ಚಕ್ರಗಳ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಸರಿಮಾಡಿ, ಹಿಂದೆ ಹೊಂದಿಸುವಂಥದ್ದು ಏನೂ ಇಲ್ಲ ಎಂದು ಹೇಳಿ ಕಳುಹಿಸಿದ್ದರು. ಹಿಂದೆ ಹೊಂದಿಸುವಂಥದ್ದು ಇತ್ತು. ಆದರೆ ಅದು ಇದೆ ಎಂದು ಅವರಿಗೆ ಗೊತ್ತಿರಬೇಕಾದ ಕಾರಣವಿರಲಿಲ್ಲ, ಏಕೆಂದರೆ ಅಂಥ ಕಾರು ಅವರ ಅಂಗಡಿಗೆ ಅದೇ ಮೊದಲು ಬಂದಿತ್ತು.

ಇಲ್ಲಿ ಈ ಕಾರಿನ ಭಾರದ ಹಂಚಿಕೆಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾರಿನ ತೂಕ ಸುಮಾರು 1,230 ಕೆಜಿ. ಎಂಜಿನ್ ಪೂಷೋ, ರೆನೋ, ವೋಲ್ವೊ ಮೂರೂ ಸೇರಿ ರೂಪಿಸಿದ 2,849 ಸಿಸಿಯ ವಿ6. ಅದು ಕೂತಿರುವುದು ಹಿಂದಿನ ಆಕ್ಸಲ್ಲಿಗಿಂತಲೂ ಹಿಂದೆ. ಆದ್ದರಿಂದ ತೂಕದ ಶೇಕಡ 35 ಮಾತ್ರ ಮುಂದೆ, ಶೇಕಡ 65 ಹಿಂದೆ. ಅಂದರೆ ಮುಂದಿನ ಒಂದೊಂದು ಚಕ್ರದ ಮೇಲೆ ಸುಮಾರು 215 ಕೆಜಿ, ಹಿಂದಿನ ಒಂದೊಂದರ ಮೇಲೆ ಸುಮಾರು 400 ಕೆಜಿ. ತಿರುವಿನಲ್ಲಿ ಯಾವ ಟೈರೂ ತಾನು ನೋಡುತ್ತಿರುವ ದಿಕ್ಕಿಗೆ ಸರಿಯಾಗಿ ಉರುಳುವುದಿಲ್ಲ. ಪಕ್ಕದ ಬಲವನ್ನು ಹುಟ್ಟಿಸಲು ಅದು ಸ್ವಲ್ಪ ಓರೆಯಾಗಿ ಉರುಳಲೇಬೇಕು, ಮತ್ತು ಹೊರೆ ಹೆಚ್ಚಿದಷ್ಟೂ ಆ ಓರೆ ಹೆಚ್ಚು. ನಾಲ್ಕೂ ಚಕ್ರಗಳಿಗೆ ಒಂದೇ ಅಗಲದ ಟೈರು ಹಾಕಿದರೆ ಹಿಂದಿನ ಟೈರುಗಳು ಮುಂದಿನವಕ್ಕಿಂತ ಮೊದಲೇ ಸೋಲುತ್ತವೆ, ಬಾಲ ತಲೆಯನ್ನು ಹಿಂದಿಕ್ಕಲು ಹೊರಡುತ್ತದೆ. ಅದಕ್ಕೇ ಕಾರ್ಖಾನೆಯಿಂದ ಬರುವಾಗ ಮುಂದೆ 14 ಅಂಗುಲದ ರಿಮ್ಮಿನಲ್ಲಿ 195/60 ಟೈರು, ಹಿಂದೆ 15 ಅಂಗುಲದ ರಿಮ್ಮಿನಲ್ಲಿ 235/60 ಟೈರು. (ಮೊದಲ ಅಂಕಿ ಟೈರಿನ ಅಗಲ, ಮಿ.ಮೀ.ನಲ್ಲಿ; ಎರಡನೆಯದು ಟೈರಿನ ಪಕ್ಕದ ಎತ್ತರ ಆ ಅಗಲದ ಶೇಕಡ ಎಷ್ಟು ಎಂಬುದು.) ಗಾಳಿಯೂ ಬೇರೆ ಬೇರೆ: ಮುಂದೆ 23 ಪಿಎಸ್‌ಐ, ಹಿಂದೆ 30. ನಮ್ಮ ಪೆಟ್ರೋಲ್ ಬಂಕಿನಲ್ಲಿ ‘ನಾಲ್ಕಕ್ಕೂ ಮೂವತ್ತು ಹಾಕಪ್ಪ’ ಎನ್ನುವ ಅಭ್ಯಾಸ ಈ ಕಾರಿಗೆ ಆಗುವುದಿಲ್ಲ. ಮುಂದಿನ ಟೈರಿಗೆ ಗಾಳಿ ಹೆಚ್ಚಿಸಿದಿರೋ, ವಿನ್ಯಾಸಕಾರರು ಬೇಕೆಂದೇ ಮುಂದೆ ಕಡಿಮೆ ಮಾಡಿದ್ದ ಹಿಡಿತವನ್ನು ನೀವು ಹೆಚ್ಚಿಸಿದಂತೆ, ಅದರ ಬೆಲೆಯನ್ನು ಬಾಲ ತೆರಬೇಕಾಗುತ್ತದೆ.

ನಮ್ಮ ಕಾರಿನ ಮೇಲೆ ಇದ್ದದ್ದು ಆ ಚಕ್ರಗಳಲ್ಲ. ಡಿಲೋರಿಯನ್ನಿನ ಚಕ್ರಕ್ಕೆ ನಾಲ್ಕು ಬೋಲ್ಟು, ಅವುಗಳ ವೃತ್ತದ ವ್ಯಾಸ 100 ಮಿ.ಮೀ. ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಬಹಳ ಪ್ರಚಲಿತವಾದ ಅಳತೆ ಅದು. ಹಾಗಾಗಿ ಬೇರೆ ಕಾರಿನ ಚಕ್ರ ಸಲೀಸಾಗಿ ಕೂರುತ್ತದೆ, ಮತ್ತು ಕೂರುತ್ತದೆ ಎಂಬ ಕಾರಣಕ್ಕೇ ಜನ ಕೂರಿಸುತ್ತಾರೆ. ಹಿಂದಿನ ಮಾಲೀಕರೊಬ್ಬರು, ಹಳೆಯ ಅಳತೆಯ ಟೈರು ಸಿಗುವುದು ಕಷ್ಟವಾಯಿತೆಂದು ಇರಬೇಕು, ನಾಲ್ಕೂ ಕಡೆ 15 ಅಂಗುಲದ ರಿಮ್ಮು ಮತ್ತು 205/55 ಟೈರು ಹಾಕಿಸಿದ್ದರು. ಈಗ ನನ್ನ ಜೊತೆ ಸ್ವಲ್ಪ ಲೆಕ್ಕ ಹಾಕಿ. 195/60 ಆರ್14 ಟೈರಿನ ವ್ಯಾಸ ಸುಮಾರು 590 ಮಿ.ಮೀ. 235/60 ಆರ್15ರದು 663. ಹೊಸದಾಗಿ ಹಾಕಿದ 205/55 ಆರ್15ರದು 606 ಅಥವಾ 607. ವ್ಯಾಸದ ಅರ್ಧ ಹಿಡಿದರೆ, ಕಾರಿನ ಮೂಗು 8 ಮಿ.ಮೀ. ಮೇಲೆ ಹೋಯಿತು, ಬಾಲ 28 ಮಿ.ಮೀ. ಕೆಳಗೆ ಬಂತು. ಎರಡು ಆಕ್ಸಲ್ಲುಗಳ ನಡುವಿನ ದೂರ 2,413 ಮಿ.ಮೀ. ಆಗಿರುವ ಕಾರಿನಲ್ಲಿ 36 ಮಿ.ಮೀ. ವ್ಯತ್ಯಾಸವೆಂದರೆ ಇಡೀ ಒಡಲು ಸುಮಾರು 0.85 ಡಿಗ್ರಿ ಹಿಂದಕ್ಕೆ ವಾಲಿತು. ಜೊತೆಗೆ 400 ಕೆಜಿ ಹೊರುವ ಟೈರು 235ರಿಂದ 205ಕ್ಕೆ ಸಣ್ಣದಾಯಿತು, 215 ಕೆಜಿ ಹೊರುವುದು 195ರಿಂದ 205ಕ್ಕೆ ದೊಡ್ಡದಾಯಿತು. ವಿನ್ಯಾಸಕಾರರ ಇಡೀ ತರ್ಕವನ್ನು ಒಂದೇ ಮಧ್ಯಾಹ್ನದಲ್ಲಿ ತಲೆಕೆಳಗು ಮಾಡಿದ ಹಾಗೆ.

ಒಂದು ಸಣ್ಣ ಮಾತು ಇಲ್ಲೇ ಹೇಳಿಬಿಡುತ್ತೇನೆ. ಡಿಲೋರಿಯನ್ನಿನ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನಿಂದ ಬರುವುದಿಲ್ಲ, ಎಡಗಡೆಯ ಮುಂಚಕ್ರದಿಂದ ಬರುತ್ತದೆ. ಮುಂದಿನ ಟೈರು ಶೇಕಡ 3ರಷ್ಟು ದೊಡ್ಡದಾದರೆ ಸ್ಪೀಡೋಮೀಟರ್ ಶೇಕಡ 3ರಷ್ಟು ಕಡಿಮೆ ತೋರಿಸುತ್ತದೆ. ಆ ಕಾಲದ ಅಮೆರಿಕದ ನಿಯಮದಂತೆ ಇದರ ಮುಳ್ಳು ಗಂಟೆಗೆ 85 ಮೈಲಿಗೆ ನಿಂತುಬಿಡುತ್ತಿತ್ತು. ಇಂಥ ಕಾರು ಕಡಿಮೆಯನ್ನೂ ತೋರಿಸತೊಡಗಿದರೆ ಪೊಲೀಸರಿಗೆ ಮಾತ್ರ ಲಾಭ.

ಮೂಗು ಎತ್ತಿದ ಕಾರು ನೋಡಲು ಚೆನ್ನಾಗಿರುವುದಿಲ್ಲ. ಅದರಲ್ಲೂ ಡಿಲೋರಿಯನ್ನಿನ ಮೂಗು ಕಾರ್ಖಾನೆಯಿಂದಲೇ ಸ್ವಲ್ಪ ಎತ್ತರದಲ್ಲಿ ಬಂದದ್ದು. ಅಮೆರಿಕದಲ್ಲಿ ಬಂಪರು ಮತ್ತು ಹೆಡ್‌ಲೈಟು ನೆಲದಿಂದ ಇಷ್ಟು ಎತ್ತರದಲ್ಲಿರಬೇಕು ಎಂಬ ನಿಯಮವಿದ್ದುದರಿಂದ ಮುಂದಿನ ಸ್ಪ್ರಿಂಗುಗಳನ್ನು ಎತ್ತರಿಸಬೇಕಾಯಿತು ಎಂಬುದು ಈ ಕಾರಿನ ಬಗ್ಗೆ ಬಲ್ಲವರೆಲ್ಲ ಹೇಳುವ ಮಾತು. ಆದ್ದರಿಂದ ಮುಂದಿನ ಸ್ಪ್ರಿಂಗು ಬದಲಿಸಿ ಮೂಗು ಇಳಿಸುವುದು ಈ ಕಾರಿನವರಲ್ಲಿ ಬಹು ಸಾಮಾನ್ಯ, ಅದಕ್ಕೆಂದೇ ತಯಾರಿಸಿದ ಸ್ಪ್ರಿಂಗುಗಳೂ ಸಿಗುತ್ತವೆ. ನಮ್ಮ ಕಾರಿನಲ್ಲಿ ಯಾರೋ ಅವನ್ನು ಕೊಳ್ಳುವ ಬದಲು ಇದ್ದ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿ ತೆಗೆದಿದ್ದರು. ಸ್ಪ್ರಿಂಗಿನ ಗಡಸು ಅದರ ದುಡಿಯುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಎಂಟು ಸುತ್ತಿನ ಸ್ಪ್ರಿಂಗಿನಲ್ಲಿ ಒಂದನ್ನು ಕತ್ತರಿಸಿದರೆ ಉಳಿದದ್ದು ಮೊದಲಿಗಿಂತ ಶೇಕಡ 14ರಷ್ಟು ಹೆಚ್ಚು ಗಡಸಾಗುತ್ತದೆ. ಕತ್ತರಿಸಿದ ತುದಿ ಸೀಟಿನಲ್ಲಿ ಸಪಾಟಾಗಿ ಕೂರುವುದಿಲ್ಲ, ಜ್ಯಾಕ್ ಹಾಕಿ ಎತ್ತಿದಾಗ ಸ್ಪ್ರಿಂಗು ತನ್ನ ಜಾಗ ಬಿಟ್ಟು ಸಡಿಲವಾಗಿ ಆಡುತ್ತದೆ. ಇಷ್ಟು ಸಾಲದೆಂಬಂತೆ, ಚಕ್ರಗಳು ಒಳಗೆ ಸೇರಿಕೊಂಡಂತೆ ಕಾಣುತ್ತವೆಂದು ಮುಂದೆ ಚಕ್ರವನ್ನು ಹೊರಕ್ಕೆ ತಳ್ಳುವ 20 ಮಿ.ಮೀ. ದಪ್ಪದ ಸ್ಪೇಸರ್ ಹಾಕಿದ್ದರು. ಸ್ಟೀರಿಂಗ್ ತಿರುಗುವ ಅಕ್ಷ ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ದೂರ ಹೆಚ್ಚಿದಷ್ಟೂ ಗುಂಡಿಯ ಹೊಡೆತ ದೊಡ್ಡ ಸನ್ನೆಕೋಲಿನಿಂದ ಎಳೆದಂತೆ ಸ್ಟೀರಿಂಗಿಗೆ ಬರುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಕಾರಿನಲ್ಲಿ ಅದು ನೇರ ನಿಮ್ಮ ಮಣಿಕಟ್ಟಿಗೇ ತಲುಪುತ್ತದೆ.

ಈ ಸರಣಿಯನ್ನು ಗಮನಿಸಿ: ಟೈರು ಸಿಗಲಿಲ್ಲವೆಂದು ಚಕ್ರ ಬದಲಿಸಿದರು, ಚಕ್ರ ಬದಲಾಗಿ ಮೂಗೆದ್ದಿತೆಂದು ಸ್ಪ್ರಿಂಗು ಕತ್ತರಿಸಿದರು, ಹೊಸ ಚಕ್ರದ ಕೂರಿಕೆ ಹಿಡಿಸದೆ ಸ್ಪೇಸರ್ ಸೇರಿಸಿದರು, ಇದೆಲ್ಲ ಆದ ಮೇಲೆ ಓಡಾಟ ಕೆಟ್ಟಿತೆಂದು ಅಲೈನ್‌ಮೆಂಟ್ ಮಾಡಿಸಿದರು. ಪ್ರತಿಯೊಂದು ಹೆಜ್ಜೆಗೂ ಹಿಂದಿನ ಹೆಜ್ಜೆಯೇ ಕಾರಣ. ಹಳೆಯ ಕಾರನ್ನು ಕೊಂಡವರು ಬೇರೆಯವರ ತೀರ್ಮಾನಗಳನ್ನೂ ಜೊತೆಗೆ ಕೊಂಡಿರುತ್ತಾರೆ, ಅವನ್ನು ಒಂದೊಂದಾಗಿ ಹಿಂದಕ್ಕೆ ಬಿಚ್ಚಿಕೊಂಡು ಹೋಗದೆ ಮೂಲ ದೋಷ ಯಾವುದು, ಅದಕ್ಕೆ ಹಾಕಿದ ತೇಪೆ ಯಾವುದು ಎಂದು ತಿಳಿಯುವುದಿಲ್ಲ. ಆದ್ದರಿಂದ ನಾವು ಮಾಡಿದ ಮೊದಲ ಕೆಲಸ ಏನನ್ನೂ ಹೊಂದಿಸುವುದಲ್ಲ, ಹಿಂದಕ್ಕೆ ಹೋಗುವುದು. ಸ್ಪೇಸರ್ ತೆಗೆದೆವು, ಮೂಲ ಅಳತೆಯ 14 ಮತ್ತು 15 ಅಂಗುಲದ ರಿಮ್ಮುಗಳನ್ನು ಹುಡುಕಿ ತಂದೆವು, ಹಳೆಯ ಅಳತೆಗೇ ಹೊಂದುವ ಟೈರು ತರಿಸಿದೆವು. ಅದಕ್ಕೇ ಆರು ವಾರ ಹಿಡಿಯಿತು.

ಆಮೇಲೆ ಕಾರನ್ನು ಸ್ಟ್ಯಾಂಡಿನ ಮೇಲೆ ಏರಿಸಿ ಎಲ್ಲೆಲ್ಲಿ ಪ್ಲೇ, ಅಂದರೆ ಸಡಿಲ, ಇದೆ ಎಂದು ನೋಡತೊಡಗಿದೆವು. ಮೊದಲು ಮುಂಭಾಗ. ಮೇಲೊಂದು ಕೆಳಗೊಂದು ತೋಳು, ಅವುಗಳ ನಡುವೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್. ನೋಡಿದರೆ ಎಲ್ಲ ಕಾರುಗಳಂತೆಯೇ ಕಾಣುತ್ತದೆ. ಆದರೆ ಕೆಳಗಿನ ತೋಳು ತ್ರಿಕೋನಾಕಾರದ್ದಲ್ಲ, ಅಡ್ಡಲಾಗಿ ಹೋಗುವ ಒಂದೇ ಕೋಲು. ಹಾಗಾದರೆ ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ತಡೆಯುವುದು ಯಾವುದು? ಆ್ಯಂಟಿ-ರೋಲ್ ಬಾರ್. ಸಾಮಾನ್ಯವಾಗಿ ತಿರುವಿನಲ್ಲಿ ಕಾರು ಓಲದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಇಲ್ಲಿ ಅದೇ ಸರಳು ತೋಳನ್ನು ಮುಂದೆ ಹಿಂದೆ ಅಲುಗದಂತೆ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ಒಂದು ಭಾಗದಿಂದ ಎರಡು ಕೆಲಸ ತೆಗೆಯುವುದು ಚಾಪ್‌ಮನ್ ಅವರಿಗೆ ಪ್ರಿಯವಾದ ಕ್ರಮ, ತೂಕ ಕಡಿಮೆಯಾಗುತ್ತದೆ. ಆದರೆ ನಲವತ್ತು ವರ್ಷಗಳ ನಂತರ ಆ ಸರಳಿನ ತುದಿಯ ರಬ್ಬರ್ ಸವೆದರೆ ಎರಡು ಕೆಲಸಗಳೂ ಒಟ್ಟಿಗೆ ಕೆಡುತ್ತವೆ. ನಮ್ಮ ಕಾರಿನಲ್ಲಿ ಮುಂಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಹಿಂದಕ್ಕೆ ನೂಕಿದರೆ ಕಣ್ಣಿಗೆ ಕಾಣುವಷ್ಟು ಸರಿಯುತ್ತಿತ್ತು. ಚಕ್ರ ಹಿಂದಕ್ಕೆ ಸರಿದರೆ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಹೋಗುತ್ತದೆ. ಯಂತ್ರದ ಮೇಲೆ ನಿಂತಿರುವಾಗ ಸರಿಯಾದ ಅಂಕಿ ತೋರಿಸುವ ಕಾರು ಬ್ರೇಕ್ ಹಾಕಿದಾಗ ಬೇರೆಯೇ ಅಂಕಿಯ ಕಾರಾಗಿರುತ್ತದೆ.

ಇನ್ನು ಹಿಂಭಾಗ. ನನ್ನ ಮಾತಿನ ಬಹುಪಾಲು ಇದಕ್ಕೇ ಮೀಸಲು. ಪ್ರತಿ ಹಿಂಚಕ್ರವನ್ನೂ ಮೂರು ಭಾಗಗಳು ಹಿಡಿದಿರುತ್ತವೆ: ಅಡ್ಡಲಾಗಿ ಮೇಲೊಂದು ಕೆಳಗೊಂದು ಕೊಂಡಿ, ಚಕ್ರದಿಂದ ಮುಂದಕ್ಕೆ ಚಾಚಿ ಷಾಸಿಗೆ ಸೇರುವ ಒಂದು ದಪ್ಪ ತೋಳು. ಕೊಂಡಿಗಳು ಚಕ್ರ ಎಷ್ಟು ಹೊರಗೆ, ಎಷ್ಟು ವಾಲಿ ಇರಬೇಕೆಂದು ತೀರ್ಮಾನಿಸುತ್ತವೆ. ಚಕ್ರ ಯಾವ ದಿಕ್ಕಿಗೆ ನೋಡಬೇಕೆಂದು ತೀರ್ಮಾನಿಸುವುದು ತೋಳಿನ ಮುಂತುದಿ. ಆ ತುದಿಯಲ್ಲಿ ಒಂದು ರಬ್ಬರ್ ಬುಶ್ಶು, ಅದರೊಳಗೆ ಹಾದು ಷಾಸಿಗೆ ಬಿಗಿದುಕೊಳ್ಳುವ ಒಂದು ಉದ್ದನೆಯ ಬೋಲ್ಟು, ಬುಶ್ಶಿಗೂ ಷಾಸಿಗೂ ನಡುವೆ ಷಿಮ್ ಎಂದು ಕರೆಯುವ ತೆಳು ಬಿಲ್ಲೆಗಳು. ಬಿಲ್ಲೆ ಸೇರಿಸಿದರೆ ಅಥವಾ ತೆಗೆದರೆ ತೋಳಿನ ಮುಂತುದಿ ಪಕ್ಕಕ್ಕೆ ಸರಿದು ಚಕ್ರದ ಮುಖ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಅಂಗಡಿಯವರು ಇಲ್ಲವೆಂದಿದ್ದ ಹೊಂದಾಣಿಕೆ ಇದೇ. ಟೈ ರಾಡಿನಂತೆ ತಿರುಗಿಸಿ ಹೊಂದಿಸುವ ಸರಳನ್ನು ಹುಡುಕುವ ಕಣ್ಣಿಗೆ ನಾಲ್ಕಾರು ತಗಡಿನ ಬಿಲ್ಲೆಗಳು ಹೊಂದಾಣಿಕೆಯಂತೆ ಕಾಣುವುದಿಲ್ಲ.

ಆ ಬೋಲ್ಟಿನ ಸ್ಥಿತಿಯನ್ನು ಯೋಚಿಸಿ. ಎಂಜಿನ್ನಿನ ಎಳೆತವೆಲ್ಲ ಅದರ ಮೂಲಕವೇ ಒಡಲಿಗೆ ತಲುಪಬೇಕು, ಹಿಂದಿನ ಬ್ರೇಕಿನ ಬಲವೂ ಅದರ ಮೂಲಕವೇ. ಎತ್ತಿನ ಗಾಡಿಯಲ್ಲಿ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯನ್ನು ಹಳ್ಳಿಯಿಂದ ಬಂದವರು ಬಲ್ಲಿರಿ. ಗಾಡಿಯಲ್ಲೆಲ್ಲ ಅದೇ ಸಣ್ಣದು, ಊರು ಬಿಡುವ ಮೊದಲು ಹಿರಿಯರು ಕೈಯಿಂದ ಮುಟ್ಟಿ ನೋಡುತ್ತಿದ್ದುದೂ ಅದನ್ನೇ. ಡಿಲೋರಿಯನ್ನಿನವರು ಹಾಗೆ ಮುಟ್ಟಿ ನೋಡಬೇಕಾದದ್ದು ಈ ಬೋಲ್ಟು. ಅದು ಬಾಗುತ್ತದೆ, ತುಕ್ಕು ಹಿಡಿಯುತ್ತದೆ ಎಂಬುದು ಈ ಕಾರಿನ ಒಡೆಯರೆಲ್ಲ ಬಲ್ಲ ಸಂಗತಿ. ಹೆಚ್ಚು ಗಟ್ಟಿ ಲೋಹದ ಬದಲಿ ಬೋಲ್ಟುಗಳು ಬಹಳ ಕಾಲದಿಂದ ಸಿಗುತ್ತಿವೆ. ಇದನ್ನು ತಯಾರಕರ ತಪ್ಪೆಂದು ನಾನು ಹೇಳಲಾರೆ, ನಲವತ್ತು ಚಳಿಗಾಲಗಳ ಉಪ್ಪು ತಿಂದ ಯಾವ ಬೋಲ್ಟಿಗಾದರೂ ಅದೇ ಗತಿ. ನಮ್ಮ ಕಾರಿನ ಬಲಗಡೆಯ ಬೋಲ್ಟು ನೇರವಾಗಿತ್ತು. ಎಡಗಡೆಯದರ ನಟ್ಟು ಮತ್ತು ವಾಷರನ್ನು ಟಾರ್ಚು ಹಿಡಿದು ನೋಡಿದಾಗ ಅವು ಬುಶ್ಶಿನ ಮುಖಕ್ಕೆ ಸಮನಾಗಿರದೆ, ತಲೆ ವಾರೆ ಮಾಡಿ ಮಾತು ಕೇಳುವವರಂತೆ ಓರೆಯಾಗಿ ನಿಂತಿದ್ದವು. ಒಂದು ಉದ್ದ ಸರಳನ್ನು ತೋಳಿನ ಕೆಳಗೆ ಸಿಕ್ಕಿಸಿ ಮೀಟಿದರೆ ತೋಳಿನ ಮುಂತುದಿ ಮೂರು ಮಿ.ಮೀ.ನಷ್ಟು ಆಚೀಚೆ ಆಡುತ್ತಿತ್ತು.

ಮೂರು ಮಿ.ಮೀ. ಎಂದರೆ ಏನು ಮಹಾ ಎಂದು ನಿಮಗೆ ಅನಿಸಬಹುದು. ತೋಳಿನ ಉದ್ದವನ್ನು ಲೆಕ್ಕಕ್ಕೆಂದು ಅರ್ಧ ಮೀಟರ್ ಎಂದಿಟ್ಟುಕೊಳ್ಳೋಣ. 500 ಮಿ.ಮೀ. ಉದ್ದಕ್ಕೆ 3 ಮಿ.ಮೀ. ಎಂದರೆ ಡಿಗ್ರಿಯ ಮೂರನೇ ಒಂದು ಭಾಗ. 15 ಅಂಗುಲದ, ಅಂದರೆ 381 ಮಿ.ಮೀ. ವ್ಯಾಸದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅದರಿಂದ ಬರುವ ವ್ಯತ್ಯಾಸ 2.3 ಮಿ.ಮೀ. ಅಲೈನ್‌ಮೆಂಟಿನಲ್ಲಿ ನಾವು ಒಂದು, ಒಂದೂವರೆ ಮಿ.ಮೀ.ಗಾಗಿ ತಲೆಕೆಡಿಸಿಕೊಳ್ಳುತ್ತೇವೆ. ಇಲ್ಲಿ ಅದರ ಒಂದೂವರೆ ಪಟ್ಟು ಅಥವಾ ಎರಡು ಪಟ್ಟು ಕಾಲು ಒತ್ತಿದಾಗ ಒಂದು ಕಡೆ, ತೆಗೆದಾಗ ಇನ್ನೊಂದು ಕಡೆ ಹೋಗುತ್ತಿತ್ತು. ಅಂದರೆ ಕಾರಿಗೆ ಹಿಂದೆಯೂ ಒಂದು ಸ್ಟೀರಿಂಗ್ ಇತ್ತು, ಅದು ಆಕ್ಸಿಲರೇಟರಿಗೆ ಜೋಡಣೆಯಾಗಿತ್ತು. ಹೆದ್ದಾರಿಯಲ್ಲಿ ಬಾಲ ಸರಿಯುತ್ತಿದ್ದುದರ ಕಾರಣ ಇದೇ. ಯಾವ ಯಂತ್ರದ ಪರದೆಯೂ ಇದನ್ನು ತೋರಿಸಲಾರದು, ಏಕೆಂದರೆ ಯಂತ್ರದ ಮೇಲೆ ಕಾರು ಸುಮ್ಮನೆ ನಿಂತಿರುತ್ತದೆ.

ಬಾಗಿದ ಬೋಲ್ಟನ್ನು ಹೊರಗೆಳೆಯುವುದು ಸುಲಭವಲ್ಲ. ನೇರ ರಂಧ್ರದಿಂದ ಬಾಗಿದ ಕೋಲು ಹೇಗೆ ಬಂದೀತು? ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಬಿಟ್ಟೆವು, ಸುತ್ತಿಗೆಯಿಂದ ಬಡಿದೆವು, ಕೊನೆಗೆ ಕತ್ತರಿಸಿ ತುಂಡು ತುಂಡಾಗಿ ತೆಗೆದೆವು. ತೆಗೆಯುವ ಮೊದಲು ಪ್ರತಿ ಕಡೆಯ ಬಿಲ್ಲೆಗಳನ್ನು ಎಣಿಸಿ, ವರ್ನಿಯರಿನಿಂದ ದಪ್ಪ ಅಳೆದು, ಬೇರೆ ಬೇರೆ ಡಬ್ಬಿಗಳಲ್ಲಿ ಹೆಸರು ಬರೆದು ಇಟ್ಟೆವು. ಹೀಗೆ ಮಾಡದವರು ಆಮೇಲೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಬಿಡಿಭಾಗಗಳ ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು. ಅಪರೂಪದ ಕಾರುಗಳಲ್ಲಿ ಡಿಲೋರಿಯನ್ ಒಂದು ವಿಚಿತ್ರ ಅದೃಷ್ಟದ ಕಾರು. ಕಂಪನಿ ಮುಳುಗಿದಾಗ ಉಳಿದ ಭಾಗಗಳನ್ನು ಅಮೆರಿಕದ ವ್ಯಾಪಾರಿ ಸಂಸ್ಥೆಯೊಂದು ಸಗಟಾಗಿ ಕೊಂಡಿದ್ದರಿಂದ ಇವತ್ತಿಗೂ ಪೆಟ್ಟಿಗೆಯೇ ಒಡೆಯದ ಮೂಲ ಭಾಗಗಳು ಸಿಗುತ್ತವೆ. ಉಕ್ಕಿನ ಭಾಗವಾದರೆ ಸಂತೋಷ. ರಬ್ಬರ್ ಆದರೆ ಮಾತ್ರ ಮೋಸ ಹೋಗಬೇಡಿ. 1981ರ ಬುಶ್ಶು ಪೆಟ್ಟಿಗೆಯಲ್ಲೇ ಇದ್ದರೂ ಅದಕ್ಕೆ ವಯಸ್ಸಾಗಿದೆ. ನಾವು ಆಸೆಪಟ್ಟು ತರಿಸಿದ ಒಂದು ಜೊತೆಯನ್ನು ಉಗುರಿನಿಂದ ಒತ್ತಿದಾಗ ಗಟ್ಟಿಯಾದ ಬೆಲ್ಲದಂತೆ ಇತ್ತು. ವಾಪಸು ಕಳಿಸಿ, ಈಚೆಗೆ ತಯಾರಾದವನ್ನು ತರಿಸಿದೆವು.

ಹೊಸ ಬುಶ್ಶುಗಳನ್ನು ಬಿಗಿಯುವಾಗ ಬಹಳ ಮಂದಿ ಮಾಡುವ ತಪ್ಪೊಂದಿದೆ, ನಾನೂ ಬೇರೆ ಕಾರಿನಲ್ಲಿ ಮಾಡಿದ್ದೆ. ರಬ್ಬರ್ ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗೆ ಅಂಟಿಕೊಂಡಿರುವ ಬಗೆಯ ಬುಶ್ಶು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಸ್ಟ್ಯಾಂಡಿನ ಮೇಲಿದ್ದು ಚಕ್ರಗಳು ಜೋತಾಡುತ್ತಿರುವಾಗ ನಟ್ಟು ಬಿಗಿದುಬಿಟ್ಟರೆ, ಕಾರನ್ನು ಇಳಿಸಿದ ಕೂಡಲೇ ಬುಶ್ಶು ಸದಾ ತಿರುಚಿದ ಸ್ಥಿತಿಯಲ್ಲೇ ದುಡಿಯುತ್ತದೆ. ಕಾರು ಇರಬೇಕಾದುದಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ, ರಬ್ಬರ್ ಬೇಗ ಹರಿಯುತ್ತದೆ. ಎಲ್ಲ ನಟ್ಟುಗಳನ್ನೂ ಕೈಬಿಗಿಯಷ್ಟೇ ಬಿಗಿದು, ಕಾರನ್ನು ತನ್ನ ಭಾರದಲ್ಲಿ ತಾನು ನಿಲ್ಲುವಂತೆ ಇಳಿಸಿ, ಮುಂದೆ ಹಿಂದೆ ನಾಲ್ಕು ಬಾರಿ ಉರುಳಿಸಿ, ಮೂಲೆಗಳನ್ನು ಒತ್ತಿ ಬಿಟ್ಟು, ಆಮೇಲೆ ಪೂರ್ತಿ ಬಿಗಿಯಬೇಕು. ನಾವು ನಾಲ್ಕು ಚಕ್ರಗಳ ಕೆಳಗೆ ಮರದ ದಿಮ್ಮಿಗಳನ್ನು ಇಟ್ಟು, ಅಂಗಾತ ಮಲಗಿ ಬಿಗಿದೆವು.

ಇಷ್ಟಾದ ಮೇಲೆ ಎತ್ತರ. ಮುಂದೆ ಕತ್ತರಿಸಿದ ಸ್ಪ್ರಿಂಗುಗಳನ್ನು ತೆಗೆದು ಮೂಗು ಸುಮಾರು 25 ಮಿ.ಮೀ. ಇಳಿಸುವ ಸಿದ್ಧ ಸ್ಪ್ರಿಂಗುಗಳನ್ನು ಹಾಕಬೇಕೇ, ಕಾರ್ಖಾನೆಯ ಎತ್ತರಕ್ಕೇ ಹೋಗಬೇಕೇ ಎಂದು ನಮ್ಮಲ್ಲಿ ಚರ್ಚೆ ನಡೆಯಿತು. ಮೂಗು ಇಳಿಸಿದರೆ ಒಡಲು ಮುಂದಕ್ಕೆ ಬಾಗಿ ಕ್ಯಾಸ್ಟರ್ ಸುಮಾರು 0.6 ಡಿಗ್ರಿ ಕಡಿಮೆಯಾಗುತ್ತದೆ. ಟೈ ರಾಡಿನ ಕೋನವೂ ಬದಲಾಗಿ, ಚಕ್ರ ಮೇಲೆ ಕೆಳಗೆ ಆಡುವಾಗ ತಾನಾಗಿ ತಿರುಗುವ ಪ್ರವೃತ್ತಿ ಹೆಚ್ಚಬಹುದು ಅಥವಾ ಕಡಿಮೆಯಾಗಬಹುದು. ಯಾವುದು ಆಗುತ್ತದೆಂದು ಊಹಿಸುವುದಕ್ಕಿಂತ ಅಳೆಯುವುದು ಒಳ್ಳೆಯದೆಂದು ಚಕ್ರ ಕೂರುವ ಹಬ್ಬಿಗೆ ಒಂದು ಹಲಗೆ ಬಿಗಿದು, ಸ್ಪ್ರಿಂಗು ತೆಗೆದು, ಜ್ಯಾಕಿನಿಂದ ಹತ್ತು ಹತ್ತು ಮಿ.ಮೀ. ಎತ್ತುತ್ತ ಎರಡೂ ಎತ್ತರಗಳ ಸುತ್ತ ಹಲಗೆ ಎಷ್ಟು ತಿರುಗುತ್ತದೆಂದು ಬರೆದುಕೊಂಡೆವು. ಇಳಿಸಿದ ಎತ್ತರದ ಸುತ್ತ ತಿರುಗುವಿಕೆ ಸ್ವಲ್ಪ ಕಡಿಮೆಯೇ ಬಂತು. ಅದರಿಂದ ಮೂಲ ವಿನ್ಯಾಸ ಆ ಎತ್ತರಕ್ಕೇ ಮಾಡಿದ್ದೆಂದು ಸಾಧಿಸಿದಂತಾಗುವುದಿಲ್ಲ, ಒಂದು ಕಾರಿನ ಒಂದು ಅಳತೆ ಅಷ್ಟೆ. ಆದರೂ ನಮ್ಮ ತೀರ್ಮಾನಕ್ಕೆ ಅದು ಸಾಕಾಯಿತು, ಸಿದ್ಧ ಸ್ಪ್ರಿಂಗು ಹಾಕಿದೆವು.

ಎತ್ತರ ಅಳೆಯುವಾಗ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿದೆ ಎಂದು ಕೇಳುವವರು ಕಡಿಮೆ. ಈ ಕಾರಿನಲ್ಲಿ ಕೇಳಲೇಬೇಕು. 50 ಲೀಟರಿನ ಟ್ಯಾಂಕು ಇರುವುದು ಷಾಸಿಯ ಮುಂದಿನ ಕವಲಿನೊಳಗೆ. ತುಂಬಿದ ಟ್ಯಾಂಕಿನ ಪೆಟ್ರೋಲ್ 37 ಕೆಜಿ. ಒಟ್ಟು 430 ಕೆಜಿ ಹೊರುವ ಮುಂಭಾಗಕ್ಕೆ ಅದು ಶೇಕಡ 8ಕ್ಕೂ ಹೆಚ್ಚು. ಅರ್ಧ ಟ್ಯಾಂಕು, ಚಾಲಕರ ಸೀಟಿನಲ್ಲಿ ಅವರ ತೂಕದ ಅಕ್ಕಿ ಮೂಟೆಗಳು ಎಂದು ನಿಗದಿ ಮಾಡಿಕೊಂಡು ಎಲ್ಲ ಅಳತೆಗಳನ್ನೂ ಅದೇ ಸ್ಥಿತಿಯಲ್ಲಿ ತೆಗೆದೆವು. ನೆಲ ಸಮತಟ್ಟಾಗಿದೆಯೇ ಎಂದು ನೋಡಲು ನನ್ನ ಊರಿನ ಗಾರೆ ಕೆಲಸದವರ ಉಪಾಯ ನೆನಪಾಯಿತು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ನಾಲ್ಕು ಚಕ್ರಗಳ ಜಾಗದಲ್ಲೂ ಹಿಡಿದು ನೋಡಿದರೆ ಗರಾಜಿನ ನೆಲ ಒಂದು ಮೂಲೆಯಲ್ಲಿ 11 ಮಿ.ಮೀ. ತಗ್ಗು. ಹಳೆಯ ನೆಲಹಾಸಿನ ಚೌಕಗಳನ್ನು ಇಟ್ಟು ಸಮ ಮಾಡಿದೆವು. ಲೇಸರ್ ಉಪಕರಣ ಬಾಡಿಗೆಗೆ ತರೋಣ ಎನ್ನುತ್ತಿದ್ದ ನನ್ನ ಸ್ನೇಹಿತರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಮಾತ್ರ ಟೋ. ಕಾರಿನ ಎರಡೂ ಬದಿಗೆ, ಚಕ್ರದ ನಡುಮಟ್ಟದಲ್ಲಿ, ಮೀನು ಹಿಡಿಯುವ ನೈಲಾನ್ ದಾರವನ್ನು ಸ್ಟ್ಯಾಂಡುಗಳ ನಡುವೆ ಬಿಗಿಯಾಗಿ ಕಟ್ಟಿದೆವು. ಮುಂದಿನ ಎರಡು ಚಕ್ರಗಳ ನಡುವಿನ ಅಗಲವೂ ಹಿಂದಿನ ಎರಡರ ನಡುವಿನದೂ ಬೇರೆ ಬೇರೆಯಾದ್ದರಿಂದ ದಾರವನ್ನು ಚಕ್ರಗಳಿಗೆ ತಾಗಿಸಿ ಕಟ್ಟಬಾರದು. ಎರಡು ದಾರಗಳೂ ಒಂದಕ್ಕೊಂದು ಸಮಾಂತರವಾಗಿ, ಹಬ್ಬುಗಳ ನಡುವಿನಿಂದ ಎರಡೂ ಬದಿಗೆ ಸಮದೂರದಲ್ಲಿರಬೇಕು. ಆಮೇಲೆ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ದಾರಕ್ಕೆ ಎಷ್ಟು ಎಂದು ಉಕ್ಕಿನ ಅಳತೆಪಟ್ಟಿ ಹಿಡಿದು ನೋಡುವುದು. ಕೆಲಸ ಶುರುಮಾಡುವ ಮೊದಲೇ ಒಮ್ಮೆ ಹೀಗೆ ಅಳೆದು ಬರೆದಿಟ್ಟಿದ್ದೆವು: ಎಡ ಹಿಂಚಕ್ರ 4 ಮಿ.ಮೀ. ಹೊರಮುಖ, ಬಲ ಹಿಂಚಕ್ರ 2 ಮಿ.ಮೀ. ಒಳಮುಖ. ಎಡಚಕ್ರ ಹೊರಮುಖವೆಂದರೆ ಅದು ಎಡಕ್ಕೆ ನೋಡುತ್ತಿದೆ, ಬಲಚಕ್ರ ಒಳಮುಖವೆಂದರೆ ಅದೂ ಎಡಕ್ಕೇ ನೋಡುತ್ತಿದೆ. ಎರಡರ ಸರಾಸರಿ 3 ಮಿ.ಮೀ., ಅಂದರೆ ಸುಮಾರು 0.45 ಡಿಗ್ರಿ. ಹಿಂಚಕ್ರಗಳು ಎಡಕ್ಕೆ ಹೊರಟರೆ ಕಾರು ನೇರ ಹೋಗಲು ಮುಂಚಕ್ರಗಳೂ ಎಡಕ್ಕೆ ನೋಡಬೇಕು, ಕಾರು ಏಡಿಯಂತೆ ಓರೆಯಾಗಿ ನಡೆಯಬೇಕು. ಸ್ಟೀರಿಂಗ್ ಸದಾ ಎಡಕ್ಕೆ ಹಿಡಿದಿರಬೇಕಾಗಿದ್ದುದು ಅದಕ್ಕೇ. ಮುಂದಿನ ಟೋ ಎಷ್ಟು ಬಾರಿ ಸರಿಮಾಡಿದ್ದರೂ ಅದು ಹೋಗುತ್ತಿರಲಿಲ್ಲ. ಹಿಂದಿನದನ್ನು ಮೊದಲು ಹೊಂದಿಸಿ ಮುಂದಿನದನ್ನು ಆಮೇಲೆ ಹೊಂದಿಸಬೇಕೆನ್ನುವುದರ ಕಾರಣವೂ ಇದೇ: ಕಾರು ಹೋಗುವ ದಾರಿಯನ್ನು ಗೊತ್ತುಮಾಡುವುದು ಹಿಂಚಕ್ರಗಳು, ಮುಂಚಕ್ರಗಳು ಅದಕ್ಕೆ ಒಪ್ಪಿಕೊಳ್ಳುತ್ತವೆ.

ಹೊಸ ಬೋಲ್ಟು ಹಾಕಿದ ಮೇಲೆ, ಹಳೆಯ ಬಿಲ್ಲೆಗಳನ್ನೇ ಇಟ್ಟು ಅಳೆದರೆ ಎಡಚಕ್ರ ಹೊರಮುಖದಿಂದ ಸುಮಾರು ನೇರಕ್ಕೆ ಬಂದಿತ್ತು. ಉಳಿದದ್ದನ್ನು ಬಿಲ್ಲೆಗಳಿಂದ ಹೊಂದಿಸಿ, ಎರಡೂ ಹಿಂಚಕ್ರಗಳು ಕೈಪಿಡಿ ಹೇಳುವ ಮಿತಿಯೊಳಗೆ ಸಮನಾಗಿ ಒಳಮುಖವಾಗುವಂತೆ ಮಾಡಲು ಎರಡು ಸಂಜೆ ಬೇಕಾಯಿತು. ಪ್ರತಿ ಬಾರಿಯೂ ಬಿಗಿ, ಉರುಳಿಸು, ಮೂಲೆ ಒತ್ತು, ಅಳೆ, ಮತ್ತೆ ಸಡಿಲಿಸು. ಹಿಂದೆ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಹೊಂದಿಸಲು ಕಾರ್ಖಾನೆಯ ಏರ್ಪಾಡಿಲ್ಲ, ಉದ್ದ ಬದಲಿಸಬಲ್ಲ ಕೆಳಕೊಂಡಿಗಳು ಹೊರಗಿನಿಂದ ಸಿಗುತ್ತವೆ. ನಮ್ಮ ಎರಡೂ ಬದಿಯ ಕ್ಯಾಂಬರ್ ಕಾಲು ಡಿಗ್ರಿಯೊಳಗೆ ಒಂದೇ ಇದ್ದುದರಿಂದ ಅದಕ್ಕೆ ಕೈಹಾಕಲಿಲ್ಲ. ಮುಂದಿನ ಟೋ ಹೊಂದಿಸಲು ಹಿಡಿದದ್ದು ನಲವತ್ತು ನಿಮಿಷ.

ಮೊದಲ ಓಟದಲ್ಲಿ ಕಾರು ನೇರ ಹೋಯಿತು, ಕಾಲು ತೆಗೆದಾಗ ಬಾಲ ಅಲುಗಲಿಲ್ಲ. ತಿರುವಿನಲ್ಲಿ ಮೂಗು ಸ್ವಲ್ಪ ಹೊರಕ್ಕೆ ಹೋಗಲು ನೋಡುತ್ತಿತ್ತು, ಹಿಂದೆ ಭಾರವಿರುವ ಕಾರಿನಲ್ಲಿ ವಿನ್ಯಾಸಕಾರರು ಬಯಸಿದ್ದು ಅದೇ. ಸುಮಾರು 800 ಕಿಲೋಮೀಟರ್ ಓಡಿದ ಮೇಲೆ ಮತ್ತೆ ದಾರ ಕಟ್ಟಿ ನೋಡಿದಾಗ ಎಡ ಹಿಂಚಕ್ರ ಅರ್ಧ ಮಿ.ಮೀ. ಸರಿದಿತ್ತು, ಹೊಸ ರಬ್ಬರ್ ಕೂತುಕೊಂಡಿತ್ತು. ಒಂದು ತೆಳು ಬಿಲ್ಲೆ ಬದಲಿಸಿ, ಬೋಲ್ಟಿನ ನಟ್ಟನ್ನು ಟಾರ್ಕ್ ವ್ರೆಂಚಿನಿಂದ ಮತ್ತೆ ಪರೀಕ್ಷಿಸಿ, ನಟ್ಟಿನಿಂದ ಷಾಸಿಯವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದೆವು. ಈಗ ನನ್ನ ಸ್ನೇಹಿತರು ದೂರದ ಪ್ರಯಾಣಕ್ಕೆ ಮೊದಲು ಟಾರ್ಚು ಹಿಡಿದು ಬಗ್ಗಿ, ಆ ಗೆರೆ ಮುರಿದಿಲ್ಲವಷ್ಟೇ ಎಂದು ನೋಡಿಕೊಂಡು ಹೊರಡುತ್ತಾರೆ.